ಮುಂದುವರಿಯುವುದು

ಗುರುವಾರ, ರಾತ್ರಿ ಒಂಬತ್ತೂವರೆ.
ಬಾಗಿಲ ಮೇಲೆ ಕ್ಯಾಪ್ಟನ್ ಕೈಯಿಟ್ಟರು.
ಪರದೆ ಕಪ್ಪಾಯಿತು, ಬಿಳಿ ಅಕ್ಷರ: ಮುಂದುವರಿಯುವುದು.
ಮುಂದಿನ ಗುರುವಾರ ಅದೇ ಹೊತ್ತಿಗೆ
ಯಾರೋ ಹೆಂಗಸು ಬದನೆಕಾಯಿ ಹೆಚ್ಚುತ್ತಿದ್ದಳು.
ಬದನೆಕಾಯಿ ಮುಗಿಯಲೆಂದು ಕಾದೆವು.
ಇಪ್ಪತ್ತಾರು ವರ್ಷವಾಯಿತು.

‘ಏಳನೇ ಕಕ್ಷೆ’, ಹನ್ನೊಂದೇ ಕಂತು.
ನಿಮಗೆ ನೆನಪಿರಲಿಕ್ಕಿಲ್ಲ, ಪರವಾಗಿಲ್ಲ,
ವಾಹಿನಿಯವರಿಗೇ ನೆನಪಿಲ್ಲ.
ಆ ಟೇಪುಗಳ ಮೇಲೆ ಯಾವುದೋ ಕ್ರಿಕೆಟ್ಟು ತುಂಬಿಸಿಕೊಂಡರಂತೆ.
ಆದರೆ ಆ ಗ್ರಹ ನಮ್ಮ ದುರ್ಗ.
ಚಂದ್ರವಳ್ಳಿಯ ಹಿಂದಿನ ಗುಂಡುಬಂಡೆಗಳಿಗೆ
ಒಂದಿಷ್ಟು ಹೊಗೆ, ಕ್ಯಾಮೆರಾಕ್ಕೊಂದು ನೇರಳೆ ಗಾಜು,
ಅಷ್ಟು ಸಾಕಾಗಿತ್ತು ಭೂಮಿ ಬಿಡಲಿಕ್ಕೆ.
ನಾನಾಗ ಏಳನೇ ಕ್ಲಾಸು. ಮೈಗೆ ಹಸಿರು ಬಳಿದು
ಒಂದು ಬಂಡೆಯ ಮರೆಗೆ ಕೂರಿಸಿದ್ದರು;
ದಿನಕ್ಕೆ ಹತ್ತು ರೂಪಾಯಿ, ಒಂದು ಪೊಟ್ಟಣ ಚಿತ್ರಾನ್ನ.
ಮೂರನೇ ಕಂತಿನಲ್ಲಿ ನನ್ನ ಮೊಣಕೈ ಕಾಣಿಸುತ್ತದೆ.
ಕಾಣಿಸುತ್ತಿತ್ತು.

ನಾಲ್ಕಾಣೆ ಕಾರ್ಡಿನ ಮೇಲೆ ಬರೆದೆವು:
ಮಾನ್ಯರೇ, ಕ್ಯಾಪ್ಟನ್ ಇನ್ನೂ ಬಾಗಿಲ ಬಳಿ ನಿಂತಿದ್ದಾರೆ.
ದಯವಿಟ್ಟು.
ನೂರಾ ನಲವತ್ತು ಕಾರ್ಡಿಗೆ ಒಂದು ಉತ್ತರ:
ತಮ್ಮ ಪತ್ರ ತಲುಪಿದೆ.
ಪಾಲಯ್ಯ ಅದಕ್ಕೆ ಕಟ್ಟು ಹಾಕಿಸಿದ್ದಾನೆ,
ಜಿಲ್ಲಾಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ತೂಗುತ್ತದೆ.
ಮುರಿದ ಮೂಳೆಯವರು ಉಸಿರು ಬಿಗಿಹಿಡಿದು
ಅದನ್ನೇ ಓದುತ್ತಾ ನಿಲ್ಲುತ್ತಾರೆ.

ಪ್ರತಿ ಫೆಬ್ರವರಿ ಎರಡನೇ ಗುರುವಾರ ಸೇರುತ್ತೇವೆ.
ಪಾಲಯ್ಯ, ರೇಡಿಯೇಟರ್ ರಿಪೇರಿಯ ಜಬೀವುಲ್ಲಾ,
ಹಿರಿಯೂರಿಂದ ಬಸ್ಸು ಹಿಡಿದು ಬರುವ ಸರ್ವಮಂಗಳಾ ಟೀಚರು,
ಅವರ ರಜೆ ಚೀಟಿಯಲ್ಲಿ ಆ ದಿನ ಯಾವಾಗಲೂ ಹೊಟ್ಟೆನೋವು.
ಹೋದ ವರ್ಷದ ತನಕ ಟೇಲರ್ ಕಾಟಲಿಂಗಪ್ಪನವರೂ.
ಹನ್ನೆರಡನೇ ಕಂತು ಅವರೇ ಬರೆದಿದ್ದರು ಅಳತೆ ಪುಸ್ತಕದಲ್ಲಿ:
ಎದೆ ಮೂವತ್ತೆಂಟು, ತೋಳು ಇಪ್ಪತ್ಮೂರು, ನೌಕೆ ಗಡಗಡ ನಡುಗುತ್ತದೆ,
ಸೊಂಟ ಮೂವತ್ನಾಲ್ಕು, ಎರಡು ಜೇಬು.
ಆ ಪುಸ್ತಕ ಕೇಳಹೋದರೆ ಅವರ ಮನೆಯವರು
ಹೊಲಿಯಲು ಕೊಟ್ಟ ಬಟ್ಟೆ ಕೇಳಲು ಬಂದವರೆಂದುಕೊಂಡು
ಒಂದು ಅರೆಹೊಲಿಗೆಯ ಅಂಗಿ ಕೊಟ್ಟು ಕಳಿಸಿದರು.

ಈ ಸಲ ಕ್ಯಾಪ್ಟನ್ನೇ ಬಂದರು.
ಹೊಳಲ್ಕೆರೆ ರಸ್ತೆಯಲ್ಲಿ ಸೀರೆ ಅಂಗಡಿ ಉದ್ಘಾಟನೆ.
ಟೇಪು ಕತ್ತರಿಸುವ ಕೈ ನಡುಗುತ್ತಿತ್ತು;
ಅದೇ ಕೈ ಉಲ್ಕೆ ತಡೆದದ್ದನ್ನು ಕಂಡವರು ನಾವು.
ಜಬೀವುಲ್ಲಾ ಎದುರು ನಿಂತು ಸೆಲ್ಯೂಟ್ ಹೊಡೆದ,
ನೌಕೆಯ ಸೆಲ್ಯೂಟ್, ಎರಡು ಬೆರಳು, ಎಡಗಿವಿಗೆ.
ಅವರು ಹಿಂದೆ ತಿರುಗಿ ನೋಡಿದರು, ಪೊಲೀಸರಿಗಿರಬೇಕೆಂದು.
ಆಮೇಲೆ ಅವರ ಎಡಗೈ ತಾನಾಗಿ ಮೇಲೆದ್ದಿತು,
ಕಿವಿಯವರೆಗೆ ಹೋಗಿ
ಕನ್ನಡಕ ಸರಿಪಡಿಸಿಕೊಂಡು ಇಳಿಯಿತು.

“ಸಾರ್, ಆ ಬಾಗ್ಲ ಹಿಂದೆ ಏನಿತ್ತು?”
“ಬರ್ದಿರ್ಲಿಲ್ಲಮ್ಮ. ನಾನೂ ಫೋನಿನ ಹತ್ರ ಕೂತಿದ್ದೆ,
ಒಂದೆರಡು ವರ್ಷ. ನಿಮ್ಮೂರ ಬಂಡೆ ಕಾಲು ಸುಡ್ತಿತ್ತು ನೋಡಿ.”
“ಮತ್ತೆ ಮಾಡ್ತಾರಾ ಸಾರ್?”
“ಮಾಡಿದ್ರೆ ನಂಗೂ ಒಂದ್ ಮಾತು ತಿಳ್ಸಿ,” ಎಂದರು,
ನಂಬರು ಬರೆದುಕೊಟ್ಟರು
ಸೀರೆ ಅಂಗಡಿಯ ರಿಯಾಯಿತಿ ಚೀಟಿಯ ಬೆನ್ನಿಗೆ.

ಸಂಜೆ ನಾಲ್ವರೂ ಚಂದ್ರವಳ್ಳಿಯ ದಾರಿ ಹಿಡಿದೆವು.
ಶೂಟಿಂಗಿನವರು ಬಿಟ್ಟುಹೋದ ಪ್ಲೈವುಡ್ ಬಾಗಿಲು
ಈಗ ತಿಪ್ಪಮ್ಮನ ಚಾದಂಗಡಿಗೆ.
ಬೆಳ್ಳಿಬಣ್ಣ ಅಲ್ಲಲ್ಲಿ ಚಕ್ಕೆ ಎದ್ದಿದೆ,
ಕೆಂಪು ಗುಂಡಿಯಿದ್ದ ತೂತಿನಲ್ಲಿ ದಾರ.
ಅಂಗಡಿ ಮುಚ್ಚಿತ್ತು. ಒಳಗೆ ಸ್ಟವ್ವಿನ ಭರ್ರೋ ಸದ್ದು
ನಮ್ಮ ನೌಕೆಯ ಇಂಜಿನ್ನಿನಂತೆಯೇ, ಎಂದು ಬರೆಯಹೊರಟೆ.
ಇಲ್ಲ, ಅದು ಸ್ಟವ್ವೇ.
ಪಾಲಯ್ಯ ಬಾಗಿಲು ತಟ್ಟಿದ. ಎರಡು, ಒಂದು, ಮೂರು.
“ಯಾರು?”
ನಾವು ಒಬ್ಬರ ಮುಖ ಒಬ್ಬರು ನೋಡಿದೆವು.
“ಯಾರ್ರೀ ಅದು, ಈ ಹೊತ್ನಾಗೆ?”
ಇದಕ್ಕೆ ಕ್ಯಾಪ್ಟನ್ ಹೇಳಬೇಕಿದ್ದ ಮಾತು
ನಾಲ್ವರಿಗೂ ನಾಲ್ಕು ಬಗೆಯಲ್ಲಿ ಬಾಯಿಪಾಠವಿತ್ತು.
ಜಬೀವುಲ್ಲಾ ಗಂಟಲು ಸರಿಮಾಡಿಕೊಂಡ.
“ನಾಕ್ ಚಾ ಬೇಕಿತ್ತಕ್ಕ,” ಅಂದ, “ಒಂದ್ಕೆ ಸಕ್ರೆ ಬ್ಯಾಡ.”
ಒಳಗೆ ಚಪ್ಪಲಿ ಹುಡುಕುವ ಸದ್ದು.